ಪಟ್ಟಿಯಲ್ಲಿಲ್ಲದ ನೀರು: ಸೊಲ್ಲಾಪುರ–ಅಕ್ಕಲಕೋಟೆ ಗಡಿಭಾಗದ ಸಣ್ಣ ಕುಡಿಯುವ ನೀರಿನ ವ್ಯವಸ್ಥೆಗಳು ಮತ್ತು ಆರೋಗ್ಯ ನಿಗಾ

(ಗಡಿಭಾಗದ ಬದುಕು ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯ ಪ್ರಶ್ನೋತ್ತರದಲ್ಲಿ ಆಯ್ದ ಮೂರು ಪ್ರಶ್ನೆಗಳನ್ನು ಮಾತ್ರ ಇಟ್ಟುಕೊಂಡಿದೆ.)

 

ಗಡಿಭಾಗದ ನೀರು ಅಂದ ಕೂಡಲೇ ನಮ್ಮ ಮಾತು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಒಂದು ಉಜನಿ ಡ್ಯಾಮು, ಭೀಮಾ ನದಿ, ಯಾರಿಗೆ ಎಷ್ಟು ಟಿಎಂಸಿ ಅನ್ನೋದು. ಇನ್ನೊಂದು ನೀರಿಲ್ಲ, ಟ್ಯಾಂಕರ್ ಬೇಕು ಅನ್ನೋದು. 2022ರ ಕೊನೆಗೆ ಜತ್ತ ಮತ್ತು ಅಕ್ಕಲಕೋಟೆ ತಾಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಅಂತ ಗುಡುಗಿದಾಗಲೂ ಮೊದಲ ದೂರು ನೀರಿನದೇ ಆಗಿತ್ತು. ಇವತ್ತು ನಾನು ಆ ಎರಡೂ ದಾರಿ ಬಿಟ್ಟು ಮೂರನೆಯ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ನೀರು ಬಂತು, ಕೊಡ ತುಂಬಿತು. ಆ ಕೊಡದ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಅಂತ ನೋಡುವ ಹೊಣೆ ಯಾರದು?

ಸೊಲ್ಲಾಪುರ ಶಹರಕ್ಕೆ ಮಹಾನಗರಪಾಲಿಕೆ ಇದೆ, ಅಕ್ಕಲಕೋಟೆ, ದುಧನಿ, ಮೈಂದರ್ಗಿಗಳಿಗೆ ನಗರ ಪರಿಷತ್ತುಗಳಿವೆ. ಅವು ಹೇಗೆ ಕೆಲಸ ಮಾಡುತ್ತವೆ ಅನ್ನೋದು ಬೇರೆ ವಿಷಯ, ಆದರೆ ಹೊಣೆಗಾರರು ಯಾರು ಅಂತ ಗೊತ್ತಿದೆ. ನನ್ನ ವಿಷಯ ಅದರಾಚೆಗಿನದು. ಮಂಗಳವೇಢೆ ತಾಲೂಕಿನ ಮರವಡೆಯಂಥ ಊರಿನ ನಳ, ಅಕ್ಕಲಕೋಟೆ ತಾಲೂಕಿನ ತಡವಳ, ನಾಗಣಸೂರಿನಂಥ ಊರುಗಳ ಬಾವಿ, ಹೊಲದ ನಡುವಿನ ವಸ್ತಿಗಳ ಬೋರು, ಐದು ರೂಪಾಯಿ ಹಾಕಿದರೆ ಕ್ಯಾನ್ ತುಂಬುವ ಆರ್‌ಓ ಯಂತ್ರ, ಆಶ್ರಮಶಾಲೆಯ ಟಾಕಿ, ಯಾತ್ರೆಯ ಅನ್ನಛತ್ರ, ಸಕ್ಕರೆ ಕಾರ್ಖಾನೆಯ ಸುತ್ತ ಬಿಡಾರ ಹೂಡುವ ಕಬ್ಬು ಕಡಿಯುವವರ ಟೋಳಿ. ಇವೆಲ್ಲ ಸಣ್ಣ ಸಣ್ಣ ನೀರಿನ ವ್ಯವಸ್ಥೆಗಳು. ಸಣ್ಣವು ಅಂತಲೇ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಇರುವ ವ್ಯವಸ್ಥೆ ಏನು ಅಂತ ನೋಡೋಣ, ಯಾಕಂದ್ರೆ ಏನೂ ಇಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಮಹಾರಾಷ್ಟ್ರದಲ್ಲಿ ಒಂದು ಒಳ್ಳೆಯ ಪದ್ಧತಿ ಬಹಳ ವರ್ಷಗಳಿಂದ ಇದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲಿ ಮತ್ತು ಅಕ್ಟೋಬರ್‌ನಲ್ಲಿ, ಅಂದರೆ ಮಳೆಗಾಲದ ಮುಂಚೆ ಮತ್ತು ನಂತರ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಗ್ರಾಮ ಪಂಚಾಯಿತಿಯ ಪ್ರತಿಯೊಂದು ನೀರಿನ ಮೂಲದ ಸ್ವಚ್ಛತಾ ಸಮೀಕ್ಷೆ ಮಾಡುತ್ತಾರೆ. ಬಾವಿಗೆ ಕಟ್ಟೆ ಇದೆಯೇ, ಸುತ್ತ ಕೊಳಚೆ ನಿಂತಿದೆಯೇ, ತಿಪ್ಪೆಗುಂಡಿ ಎಷ್ಟು ದೂರ, ಪೈಪು ಗಟಾರದೊಳಗೆ ಹಾಯ್ದಿದೆಯೇ, ವಾಲ್ವಿನ ಗುಂಡಿಯಲ್ಲಿ ನೀರು ನಿಂತಿದೆಯೇ, ಟಿಸಿಎಲ್ ಪುಡಿಯ ದಾಸ್ತಾನು ಇದೆಯೇ, ಅದನ್ನು ಹಾಕಲು ಬರುವ ಮನುಷ್ಯ ಇದ್ದಾನೆಯೇ ಅಂತೆಲ್ಲ ಅಂಕ ಹಾಕುತ್ತಾರೆ. ಅಪಾಯ ಹೆಚ್ಚಿದ್ದರೆ ಪಂಚಾಯಿತಿಗೆ ಕೆಂಪು ಕಾರ್ಡು, ಮಧ್ಯಮವಾದರೆ ಹಳದಿ, ಕಡಿಮೆಯಾದರೆ ಹಸಿರು. ಸತತ ಐದು ವರ್ಷ ಹಸಿರು ಉಳಿಸಿಕೊಂಡು, ಆ ಅವಧಿಯಲ್ಲಿ ನೀರಿನಿಂದ ಬರುವ ರೋಗದ ಸಾಥಿ ಏಳದಿದ್ದರೆ ಬೆಳ್ಳಿ ಬಣ್ಣದ ಕಾರ್ಡು. ಇದರ ಚೆಲುವು ಏನಂದ್ರೆ, ಬಣ್ಣಕ್ಕೆ ಭಾಷೆ ಬೇಕಿಲ್ಲ. ಕನ್ನಡ ಮಾತಾಡುವ ಊರಿಗೂ ಮರಾಠಿ ಮಾತಾಡುವ ಊರಿಗೂ ಕೆಂಪು ಕೆಂಪೇ.

ಇದರ ಜೊತೆಗೆ ಪಂಚಾಯಿತಿಯಲ್ಲಿ ಜಲಸುರಕ್ಷಕ ಅಂತ ಒಬ್ಬನಿರುತ್ತಾನೆ. ನೀರಿನ ಮಾದರಿ ತುಂಬಿ ಕಳಿಸುವುದು ಅವನ ಕೆಲಸ. ಜಿಲ್ಲೆಯಲ್ಲಿ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಇದೆ. 1972ರ ಬರಗಾಲದ ಹೊತ್ತಿಗೆ ಹುಟ್ಟಿದ ಭೂಜಲ ಸರ್ವೇಕ್ಷಣ ಸಂಸ್ಥೆಯ ಪ್ರಯೋಗಾಲಯಗಳೂ ಇವೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್ ಬಂದ ಮೇಲೆ ಪ್ರತಿ ಹಳ್ಳಿಯಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ಕಿಟ್ಟಿನಿಂದ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತ ಆಯಿತು. ರಾಸಾಯನಿಕ ಪರೀಕ್ಷೆ ವರ್ಷಕ್ಕೆ ಒಮ್ಮೆ, ರೋಗಾಣುವಿನ ಪರೀಕ್ಷೆ ಎರಡು ಸಲ.

ಇಷ್ಟೆಲ್ಲ ಇದ್ದ ಮೇಲೆ ತಕರಾರು ಏನು?

ತಕರಾರು ಇಷ್ಟೇ. ಈ ಎಲ್ಲ ಕೆಲಸವೂ ಒಂದು ಪಟ್ಟಿಯಿಂದ ಶುರುವಾಗುತ್ತದೆ, ಮತ್ತು ಆ ಪಟ್ಟಿ ಮಾಲೀಕತ್ವದ ಪಟ್ಟಿ. ಪಂಚಾಯಿತಿಯ ಬಾವಿ, ಪಂಚಾಯಿತಿಯ ಬೋರು, ಪಂಚಾಯಿತಿಯ ನಳ. ಊರಿನ ಅರ್ಧ ಜನ ಯಾರದೋ ಹೊಲದ ಬೋರಿನ ನೀರು ಕುಡಿಯುತ್ತಿದ್ದರೂ ಆ ಬೋರು ಖಾಸಗಿ, ಹಾಗಾಗಿ ಪಟ್ಟಿಯಲ್ಲಿಲ್ಲ. ಹಸಿರು ಕಾರ್ಡು ಸಿಕ್ಕ ಊರಿನಲ್ಲಿ ವಾಂತಿಭೇದಿ ಆಗುವುದು ಹೇಗೆ ಅಂತ ಆಶ್ಚರ್ಯಪಡುವ ಮುಂಚೆ, ಆ ಕಾರ್ಡು ಯಾವ ನೀರಿನ ಬಗ್ಗೆ ಮಾತಾಡುತ್ತಿದೆ, ಜನ ಯಾವ ನೀರು ಕುಡಿಯುತ್ತಿದ್ದಾರೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿಯ ನೆಲ ಕರಿಕಲ್ಲು, ಬಸಾಲ್ಟ್. ಮೇಲೆ ಕಪ್ಪು ಎರೆ ಅಥವಾ ಮುರುಮು, ಕೆಳಗೆ ಸೀಳು ಬಿದ್ದ ಬಂಡೆ. ನೀರು ಇರುವುದು ಆ ಸೀಳುಗಳಲ್ಲಿ. ಮರಳಿನ ನೆಲದಲ್ಲಿ ನೀರು ಇಳಿಯುವಾಗ ಸೋಸಿಕೊಂಡು ಇಳಿಯುತ್ತದೆ, ಬಂಡೆಯ ಸೀಳಿನಲ್ಲಿ ಹಾಗಾಗುವುದಿಲ್ಲ. ತಿಪ್ಪೆಯ ನೀರು, ಶೌಚದ ಗುಂಡಿಯ ನೀರು ಒಂದು ಸೀಳು ಹಿಡಿದರೆ ಸಾಕು, ದೊಡ್ಡ ಮಳೆಯ ಮರುದಿನವೇ ಬಾವಿಯಲ್ಲಿ ಇರಬಹುದು. ಮನೆಮನೆಗೆ ಶೌಚಾಲಯ ಬಂದದ್ದು ಒಳ್ಳೆಯದೇ ಆಯಿತು, ಆದರೆ ಬಾವಿಯಿಂದ ಎಷ್ಟು ದೂರದಲ್ಲಿ ಗುಂಡಿ ತೋಡಿದರು ಅಂತ ಯಾರೂ ಅಳತೆ ಪಟ್ಟಿ ಹಿಡಿದು ನಿಲ್ಲಲಿಲ್ಲ. ಅದರ ಮೇಲೆ ಕಬ್ಬು. ಕಬ್ಬಿಗೆ ಸುರಿಯುವ ಯೂರಿಯಾ ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಐಎಸ್ 10500 ಮಾನದಂಡದ ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ಮಿತಿ, ಅದರಾಚೆ ಸಡಿಲಿಕೆ ಇಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಸುಮಾರು 49% ಮಾದರಿಗಳು, ಮಹಾರಾಷ್ಟ್ರದ ಸುಮಾರು 36% ಮಾದರಿಗಳು ಈ ಮಿತಿ ದಾಟಿದ್ದವು. ನೈಟ್ರೇಟಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಟಿಸಿಎಲ್ ಹಾಕಿದರೆ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಆರು ತಿಂಗಳ ಒಳಗಿನ ಕೂಸಿಗೆ ಆ ನೀರಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು.

ಈ ಐಎಸ್ 10500 ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ತುಂಬಾ ಜನ ಅದನ್ನು ಕಾನೂನು ಅಂದುಕೊಂಡಿದ್ದಾರೆ. ಅದು ಮಾನದಂಡ ಮಾತ್ರ. ನಳದ ನೀರು ಕೊಡುವ ಸಂಸ್ಥೆ ಅದನ್ನು ಪಾಲಿಸದಿದ್ದರೆ ಶಿಕ್ಷೆ ಅಂತ ಹೇಳುವ ರಾಷ್ಟ್ರೀಯ ಕಾಯ್ದೆ ನಮ್ಮಲ್ಲಿಲ್ಲ. ಮಹಾರಾಷ್ಟ್ರದಲ್ಲಿ 1993ರಲ್ಲಿ ಕುಡಿಯುವ ನೀರಿಗಾಗಿಯೇ ಒಂದು ಭೂಜಲ ಕಾಯ್ದೆ ಬಂತು. ಸಾರ್ವಜನಿಕ ಕುಡಿಯುವ ನೀರಿನ ಮೂಲದ 500 ಮೀಟರಿನೊಳಗೆ ಹೊಸ ಬಾವಿ ತೋಡಬಾರದು ಅಂತ ಅದರ ಮುಖ್ಯ ಆಶಯ. ಆಮೇಲೆ 2009ರ ಕಾಯ್ದೆ ಅದರ ಜಾಗಕ್ಕೆ ಬಂತು. ಹಳೆಯ ಕಾಯ್ದೆಯ ಚಿಂತೆ ನೀರು ಬತ್ತಬಾರದು ಅನ್ನೋದು. 500 ಮೀಟರಿನೊಳಗೆ ಬೋರು ಕೊರೆಯಬಾರದು ಸರಿ, ಆದರೆ ಹತ್ತು ಮೀಟರಿನೊಳಗೆ ತಿಪ್ಪೆ ಹಾಕಿದರೆ? ಬರದ ನಾಡಿನಲ್ಲಿ ಹುಟ್ಟಿದ ಕಾನೂನು ಬರದ ಕಣ್ಣಿನಿಂದಲೇ ನೀರನ್ನು ನೋಡಿತು. ತಪ್ಪು ಅಂತ ಹೇಳಲಾರೆ, ಅಷ್ಟೇ ನೋಡಿತು ಅನ್ನುತ್ತೇನೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಮಾಲೀಕತ್ವ ಕೇಳದೆ, ಕುಡಿಯುವವರನ್ನು ಹಿಡಿದು ನೀರಿನ ಪಟ್ಟಿ ಮಾಡಿದ ಉದಾಹರಣೆ ನಮ್ಮ ಭಾಗದಲ್ಲೇ ಇದೆ. ನಾರುಹುಣ್ಣು. ಇಲ್ಲಿ ಕೂತವರಲ್ಲಿ ಐವತ್ತು ದಾಟಿದವರಿಗೆ ಹೇಳಬೇಕಾಗಿಲ್ಲ. ಕಾಲಿನಿಂದ ಮೊಳಗಟ್ಟಲೆ ಉದ್ದದ ಹುಳ ಹೊರಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯುತ್ತಿದ್ದರು. ಮೆಟ್ಟಿಲು ಬಾವಿಯೊಳಗೆ ಇಳಿದು ನೀರು ತುಂಬುವಾಗ ರೋಗಿಯ ಹುಣ್ಣು ನೀರಿಗೆ ತಾಗಿ ಮರಿಗಳು ಬಾವಿಗೆ ಬೀಳುತ್ತಿದ್ದವು. ಸೈಕ್ಲಾಪ್ಸ್ ಎಂಬ ಸಣ್ಣ ನೀರುಚಿಗಟ ಅವನ್ನು ನುಂಗುತ್ತಿತ್ತು. ಆ ನೀರು ಕುಡಿದವನಿಗೆ ಒಂದು ವರ್ಷದ ನಂತರ ಹುಳ ಹೊರಬೀಳುತ್ತಿತ್ತು. 1983–84ರಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಶುರುವಾದಾಗ ಮಹಾರಾಷ್ಟ್ರ, ಕರ್ನಾಟಕ ಸೇರಿ ಏಳು ರಾಜ್ಯಗಳಲ್ಲಿ, 12,800ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳು ಸಿಕ್ಕರು. ಗಡಿಯ ಆಚೆಯ ವಿಜಯಪುರ, ಕಲಬುರಗಿ ಜಿಲ್ಲೆಗಳೂ ಅದರಲ್ಲಿದ್ದವು.

ಆ ಕಾರ್ಯಕ್ರಮ ಹೇಗೆ ನಡೆಯಿತು ನೋಡಿ. ಲಸಿಕೆ ಇರಲಿಲ್ಲ, ಔಷಧಿ ಇರಲಿಲ್ಲ. ಇದ್ದದ್ದು ಎರಡು ಪಟ್ಟಿ. ಒಂದು ರೋಗಿಗಳದು, ಇನ್ನೊಂದು ಅವರು ಕುಡಿಯುವ ನೀರಿನ ಮೂಲಗಳದು. ಆರೋಗ್ಯ ಕಾರ್ಯಕರ್ತ ಮನೆಮನೆ ತಿರುಗಿ ಕೇಳುತ್ತಿದ್ದ: ನಾರು ಎದ್ದಿದೆಯೇ? ಯಾವ ಬಾವಿಯ ನೀರು ಕುಡೀತೀರಿ? ಆ ಬಾವಿ ಗೌಡರದೋ ಗುಡಿಯದೋ ಸರಕಾರದ್ದೋ ಅನ್ನೋದು ಎರಡನೆಯ ಪ್ರಶ್ನೆ. ಬಾವಿಗೆ ಟೆಮೆಫಾಸ್ ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು, ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಿದರು, ಬೋರಿಂಗ್ ಹಾಕಿಸಿದರು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ. 2000ದ ಫೆಬ್ರುವರಿಯಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ರೋಗ ಹೋಯಿತು, ಒಳ್ಳೆಯದಾಯಿತು. ಆದರೆ ಅದರ ಜೊತೆ ಆ ಎರಡನೆಯ ಪಟ್ಟಿ ಇಟ್ಟುಕೊಳ್ಳುವ ಅಭ್ಯಾಸವೂ ಹೋಯಿತು. ನನಗೆ ಅನಿಸುವ ಮಟ್ಟಿಗೆ ಅದು ದೊಡ್ಡ ನಷ್ಟ.

ಬೋರಿಂಗ್ ಅಂದಾಗ ಸೊಲ್ಲಾಪುರದವರು ಸ್ವಲ್ಪ ಹೆಮ್ಮೆಪಡುವ ವಿಷಯ ಒಂದಿದೆ, ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನ ಅನೇಕ ದೇಶಗಳಲ್ಲಿ ಇವತ್ತಿಗೂ ಜನ ಒತ್ತುವ ಇಂಡಿಯಾ ಮಾರ್ಕ್ 2 ಕೈಪಂಪಿನ ಅಜ್ಜ ಸೊಲ್ಲಾಪುರ ಪಂಪು. ಸೊಲ್ಲಾಪುರ ವೆಲ್ ಸರ್ವಿಸ್ ಎಂಬ ಮಿಶನರಿ ಸಂಸ್ಥೆಯಲ್ಲಿ ಆಸ್ಕರ್ ಕಾರ್ಲ್ಸನ್ ಎಂಬ ಸ್ವಯಂ ಕಲಿತ ಮೆಕ್ಯಾನಿಕ್ ಅದನ್ನು ರೂಪಿಸಿದ. ಬೀಡು ಕಬ್ಬಿಣದ ಹಳೆಯ ಪಂಪುಗಳು ಒಂದು ಮನೆಯ ಬಳಕೆಗೆ ಮಾಡಿದವು, ಇಡೀ ಊರು ದಿನವಿಡೀ ಒತ್ತಿದರೆ ಮುರಿಯುತ್ತಿದ್ದವು. 1974ರ ಒಂದು ಸಮೀಕ್ಷೆಯಲ್ಲಿ ದೇಶದ ಕೈಪಂಪುಗಳಲ್ಲಿ ಮುಕ್ಕಾಲು ಪಾಲು ಕೆಟ್ಟು ನಿಂತಿದ್ದವು ಅಂತ ತಿಳಿಯಿತು. ಆಮೇಲೆ ಯುನಿಸೆಫ್ ನೆರವಿನಿಂದ, ಸೊಲ್ಲಾಪುರ ಪಂಪಿನ ತತ್ವವನ್ನೇ ಹಿಡಿದು ಮಾರ್ಕ್ 2 ಬಂತು. ಇದನ್ನು ಯಾಕೆ ಹೇಳಿದೆ ಅಂದ್ರೆ, ಮೊದಲು ಎಣಿಸಿದರು, ಆಮೇಲೆ ಕೆಟ್ಟದ್ದು ಕಂಡಿತು, ಆಮೇಲೆ ಪಂಪು ಬದಲಾಯಿತು. ಎಣಿಸುವ ಮುಂಚೆ ಎಲ್ಲ ಸರಿಯಾಗಿದೆ ಅಂತಲೇ ಲೆಕ್ಕ ಇತ್ತು.

ಬೇರೆ ದೇಶಗಳು ಈ ಸಣ್ಣ ವ್ಯವಸ್ಥೆಗಳನ್ನು ಹೇಗೆ ಹಿಡಿಯುತ್ತವೆ? ಅಮೆರಿಕದ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯಲ್ಲಿ ಸಾರ್ವಜನಿಕ ನೀರಿನ ವ್ಯವಸ್ಥೆ ಅನ್ನೋದಕ್ಕೆ ಒಂದು ವ್ಯಾಖ್ಯೆ ಇದೆ. 15 ಸಂಪರ್ಕಗಳಿರಬೇಕು, ಅಥವಾ ವರ್ಷಕ್ಕೆ ಕನಿಷ್ಠ 60 ದಿನ 25 ಜನ ಅದರ ನೀರು ಕುಡಿಯುವಂತಿರಬೇಕು. ಮಾಲೀಕ ಸರಕಾರವೋ, ಹೊಟೇಲಿನವನೋ, ಚರ್ಚೋ, ಕಾರ್ಖಾನೆಯೋ, ವ್ಯಾಖ್ಯೆ ಕೇಳುವುದಿಲ್ಲ. ಸ್ವಂತ ಬಾವಿಯ ನೀರು ಕೊಡುವ ಶಾಲೆ, ಕಾರ್ಖಾನೆಗಳಿಗೆ ಅದರೊಳಗೇ ಬೇರೆ ವರ್ಗವಿದೆ. ಇಂಗ್ಲೆಂಡಿನಲ್ಲಿ ಖಾಸಗಿ ನೀರು ಸರಬರಾಜಿನ ನಿಯಮಗಳಿವೆ. ಒಂದೇ ಮನೆಗೆ ಸೀಮಿತವಾದ ಬಾವಿಗೆ ಸಡಿಲಿಕೆ, ಆದರೆ ಸಾರ್ವಜನಿಕರಿಗೆ ಅಥವಾ ವ್ಯಾಪಾರಕ್ಕೆ ಬಳಸುವ ನೀರಾದರೆ ಸ್ಥಳೀಯ ಆಡಳಿತ ಐದು ವರ್ಷಕ್ಕೊಮ್ಮೆ ಅಪಾಯದ ಮೌಲ್ಯಮಾಪನ ಮಾಡಬೇಕು. ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ, ಅಮೆರಿಕದ ಸಣ್ಣ ಊರುಗಳ ನೀರಿನ ಗೋಳೂ ದೊಡ್ಡದೇ. ಆದರೆ ಆ ವ್ಯಾಖ್ಯೆಯನ್ನು ಅಕ್ಕಲಕೋಟೆಗೆ ತಂದು ಇಟ್ಟು ನೋಡಿ. ಕಾರ್ಖಾನೆಯ ಪಕ್ಕದ ಕಬ್ಬು ಕಡಿಯುವವರ ಬಿಡಾರದಲ್ಲಿ 25ಕ್ಕಿಂತ ಹೆಚ್ಚು ಜನ, 60 ದಿನಕ್ಕಿಂತ ಹೆಚ್ಚು ಇರುತ್ತಾರೆ. ಆ ಲೆಕ್ಕದಲ್ಲಿ ಅದೊಂದು ಸಾರ್ವಜನಿಕ ನೀರಿನ ವ್ಯವಸ್ಥೆ. ನಮ್ಮ ಲೆಕ್ಕದಲ್ಲಿ ಅದು ಏನೂ ಅಲ್ಲ.

ಪಟ್ಟಿಯ ಮಾತು ಆಯಿತು. ಇನ್ನು ಪರೀಕ್ಷೆಯ ಚೀಟಿ ಎಲ್ಲಿಗೆ ಹೋಗುತ್ತದೆ ಅನ್ನೋದು. ಇದು ಪಟ್ಟಿಗಿಂತಲೂ ಸೂಕ್ಷ್ಮ.

ಕೆನಡಾದ ವಾಕರ್ಟನ್ ಅಂತ ಒಂದು ಊರು. ಐದು ಸಾವಿರದ ಒಳಗಿನ ಜನಸಂಖ್ಯೆ, ನಮ್ಮ ಕಡೆಯ ದೊಡ್ಡ ಹಳ್ಳಿಯಷ್ಟು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂತು, ಹೊಲದ ಸೆಗಣಿ ಗೊಬ್ಬರದ ಅಂಶ ಊರಿನ ಒಂದು ಬಾವಿಗೆ ಇಳಿಯಿತು. 7 ಜನ ಸತ್ತರು, 2,300 ಜನ ಹಾಸಿಗೆ ಹಿಡಿದರು. ಪ್ರಯೋಗಾಲಯ ಪರೀಕ್ಷೆ ಮಾಡಿತ್ತು, ನೀರು ಕೆಟ್ಟಿದೆ ಅಂತ ವರದಿಯನ್ನೂ ಕಳಿಸಿತ್ತು. ಆದರೆ ಕಳಿಸಿದ್ದು ನೀರು ಸರಬರಾಜು ಮಾಡುವವರಿಗೆ. ಆರೋಗ್ಯ ಅಧಿಕಾರಿ ಕೇಳಿದಾಗ ಅವರು ನೀರು ಸರಿಯಾಗಿದೆ ಅಂದರು. ಕ್ಲೋರಿನ್ ದಾಖಲೆಯ ಪುಸ್ತಕದಲ್ಲಿ ಅಳೆಯದ ಅಂಕಿಗಳನ್ನು ಬರೆದಿಡುವ ಅಭ್ಯಾಸ ಅಲ್ಲಿ ವರ್ಷಗಳಿಂದ ಇತ್ತು. ಕೊನೆಗೆ ಆರೋಗ್ಯ ಇಲಾಖೆ ತಾನೇ ಮಾದರಿ ತೆಗೆದು ಪರೀಕ್ಷಿಸಿದಾಗ ಸತ್ಯ ಹೊರಬಿತ್ತು. ನ್ಯಾಯಮೂರ್ತಿ ಓಕಾನರ್ ಆಯೋಗದ ವಿಚಾರಣೆಯ ನಂತರ 2002ರಲ್ಲಿ ಒಂಟಾರಿಯೋ ಪ್ರಾಂತ್ಯ ಹೊಸ ಕಾಯ್ದೆ ಮಾಡಿತು. ಕೆಟ್ಟ ವರದಿಯನ್ನು ಪ್ರಯೋಗಾಲಯವೇ ನೇರವಾಗಿ ಆರೋಗ್ಯ ಅಧಿಕಾರಿಗೂ ತಿಳಿಸಬೇಕು ಅನ್ನೋದು ಅದರ ತಿರುಳುಗಳಲ್ಲಿ ಒಂದು.

ನಮ್ಮಲ್ಲಿ ನೀರು ಕೊಡುವುದು ಪಂಚಾಯಿತಿ. ಟಿಸಿಎಲ್ ಕೊಳ್ಳುವುದು ಪಂಚಾಯಿತಿ. ಜಲಸುರಕ್ಷಕ ಪಂಚಾಯಿತಿಯವನು, ಅವನಿಗೆ ಸಿಗುವ ಗೌರವಧನವೂ ಅಲ್ಪ. ಕೆಂಪು ಕಾರ್ಡು ಬರುವುದೂ ಪಂಚಾಯಿತಿಗೇ. ಮೇಲೆ ಹೋದರೆ ಜಿಲ್ಲಾ ಪರಿಷತ್ತಿನ ನೀರು ಸರಬರಾಜು ವಿಭಾಗ ಮತ್ತು ಆರೋಗ್ಯ ವಿಭಾಗ ಎರಡೂ ಒಂದೇ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಕೆಳಗೆ. ಒಳ್ಳೆಯ ಅಧಿಕಾರಿ ಇದ್ದರೆ ಇದರಿಂದ ಕೆಲಸ ಬೇಗ ಆಗುತ್ತದೆ, ಒಪ್ಪುತ್ತೇನೆ. ಇಲ್ಲದಿದ್ದರೆ ಒಂದು ಮೇಜಿನ ಕಾಗದ ಪಕ್ಕದ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ. ಊರಿನವರಿಗೆ, ಅಂದರೆ ಕುಡಿಯುವವರಿಗೆ, ಆ ಕಾಗದ ತೋರಿಸಲೇಬೇಕು ಅನ್ನುವ ಒತ್ತಾಯ ಎಲ್ಲಿಯೂ ಬಲವಾಗಿಲ್ಲ.

ಟಿಸಿಎಲ್ ಉದಾಹರಣೆ ತಗೊಳ್ಳಿ, ಇದು ಹಳ್ಳಿಯ ನಿಗಾ ವ್ಯವಸ್ಥೆಯ ಹೃದಯ. ಹೊಸ ಪುಡಿಯಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಸಾವಿರ ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ 50,000 ಲೀಟರಿನ ಟಾಕಿಗೆ 250 ಗ್ರಾಂ ಹಾಕಿದ ಅಂತ ಇಟ್ಟುಕೊಳ್ಳಿ. ನೀರಿಗೆ ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಕ್ಲೋರಿನ್ ಸಿಕ್ಕಿತು. ಅದೇ ಪುಡಿಯ ಚೀಲ ಪಂಚಾಯಿತಿಯ ಮೂಲೆಯಲ್ಲಿ ಬಾಯಿ ತೆರೆದು ಬಿದ್ದು, ಬಿಸಿಲು, ತೇವ ತಾಗಿ 10%ಕ್ಕೆ ಇಳಿದಿದ್ದರೆ ಅದೇ 250 ಗ್ರಾಂನಿಂದ ಸಿಗುವುದು ಅರ್ಧ ಮಿಲಿಗ್ರಾಂ. ನೀರಲ್ಲಿ ಮಣ್ಣು, ಪಾಚಿ ಇದ್ದರೆ ಅವೇ ಅದನ್ನು ತಿಂದು ಮುಗಿಸುತ್ತವೆ, ಕೊನೆಯ ಮನೆಯ ನಳದಲ್ಲಿ ಇರಬೇಕಾದ 0.2 ಮಿಲಿಗ್ರಾಂ ಉಳಿಯುವುದಿಲ್ಲ. ಪುಸ್ತಕದಲ್ಲಿ ಮಾತ್ರ ಎರಡೂ ದಿನ 250 ಗ್ರಾಂ ಅಂತಲೇ ಇರುತ್ತದೆ. ಸುಳ್ಳು ಬರೆದಿಲ್ಲ, ಅವನು ಹಾಕಿದ್ದಾನೆ. ಹಾಗಾಗಿ ಎಷ್ಟು ಹಾಕಿದಿರಿ ಅಂತ ಕೇಳುವುದಕ್ಕಿಂತ ಕೊನೆಯ ನಳದಲ್ಲಿ ಎಷ್ಟು ಉಳಿಯಿತು ಅಂತ ಕೇಳಬೇಕು. ಅದನ್ನೇ ಓಟಿ ಪರೀಕ್ಷೆ ಅನ್ನುತ್ತಾರೆ. ಎರಡು ಹನಿ ದ್ರಾವಣ ಹಾಕಿದರೆ ನೀರು ಹಳದಿಯಾಗಬೇಕು. ಒಂದು ನಿಮಿಷದ ಕೆಲಸ.

ಇದು ನಮ್ಮ ಪಕ್ಕದಲ್ಲೇ ಎಷ್ಟು ದುಬಾರಿಯಾಗಿದೆ ಅಂತ ನಿಮಗೆ ಗೊತ್ತಿದೆ. 2023ರ ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ರೇಕಲಮರಡಿಯಲ್ಲಿ, ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಹಳ್ಳಿಗಳಲ್ಲಿ ವಾಂತಿಭೇದಿಯಿಂದ ಸಾವುಗಳಾದವು, ಕಲುಷಿತ ನೀರಿನ ಮಾತು ಬಂತು. ಅದೇ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಪ್ರತಿ ಸಲವೂ ಸಾವಿನ ನಂತರ ಅಧಿಕಾರಿಗಳು ಬರುತ್ತಾರೆ, ಮಾದರಿ ತೆಗೆಯುತ್ತಾರೆ, ಒಂದಿಬ್ಬರು ಅಮಾನತು. ಪರೀಕ್ಷೆ ಸಾವಿನ ಹಿಂದೆ ಹಿಂದೆ ಬರುತ್ತದೆ.

ಗಡಿಯದ್ದೇ ಆದ ಇನ್ನೊಂದು ತೊಡಕು. ಭೀಮೆಯ ಈ ದಂಡೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ. ಆ ದಂಡೆ ಇಂಡಿ. ನದಿ ಒಂದೇ, ಬಂಧಾರೆಯ ಹಿಂದೆ ನಿಂತ ನೀರು ಒಂದೇ, ಬೀಗರು ಎರಡೂ ಕಡೆ. ರೋಗದ ಮಾಹಿತಿ ಮಾತ್ರ ಹಾಗೆ ಹರಿಯುವುದಿಲ್ಲ. 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು, ವೈದ್ಯರು, ಪ್ರಯೋಗಾಲಯಗಳು ಬೇರೆ ಬೇರೆ ನಮೂನೆ ತುಂಬುತ್ತಾರೆ. ಅದು ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ, ಅಲ್ಲಿಂದ ದಿಲ್ಲಿಗೆ ಏರುತ್ತದೆ. ಮೇಲಕ್ಕೆ ಏರುವ ದಾರಿ ಇದೆ, ಅಡ್ಡ ದಾಟುವ ದಾರಿ ಇಲ್ಲ. ಆ ದಂಡೆಯ ಊರಲ್ಲಿ ಕಾಲರಾ ಕಂಡರೆ ಈ ದಂಡೆಯ ಆರೋಗ್ಯ ಸೇವಕನಿಗೆ ಬಹುಶಃ ಮೊದಲು ತಿಳಿಯುವುದು ಸಂತೆಯಲ್ಲಿ. ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಡುವೆ ಒಂದು ಫೋನ್ ಕರೆ ಸಾಕು, ಆದರೆ ಅದು ಯಾರ ಕರ್ತವ್ಯದ ಪಟ್ಟಿಯಲ್ಲೂ ಬರೆದಿಲ್ಲ.

ನನ್ನ ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಬರುತ್ತೇನೆ.

ಪ್ರಶ್ನೆ: ಈಗ ಬಹಳ ಹಳ್ಳಿಗಳಲ್ಲಿ ಜನ ನಳದ ನೀರು ಬಿಟ್ಟು ಆರ್‌ಓ ಕ್ಯಾನ್ ನೀರನ್ನೇ ಕುಡಿಯುತ್ತಾರೆ. ಹಾಗಿದ್ದರೆ ಬಾವಿಯ ಚಿಂತೆ ಯಾಕೆ?

ಉತ್ತರ: ಒಳ್ಳೆಯ ಪ್ರಶ್ನೆ. ಆರ್‌ಓ ಯಂತ್ರ ಸರಿಯಾಗಿದ್ದರೆ ಉಪ್ಪು, ನೈಟ್ರೇಟು, ಫ್ಲೋರೈಡು ತೆಗೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಕರ್ನಾಟಕ ಸರಕಾರವೇ ಶುದ್ಧ ಕುಡಿಯುವ ನೀರಿನ ಘಟಕ ಅಂತ ಹಳ್ಳಿಹಳ್ಳಿಗೆ ಹಾಕಿತು. ಆದರೆ ಆರ್‌ಓ ನೀರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಅಂದರೆ ಕಾವಲು ಇಲ್ಲದ ನೀರು. ಕ್ಯಾನು ತೊಳೆಯದಿದ್ದರೆ, ಮನೆಯಲ್ಲಿ ಕೈ ಅದ್ದಿದರೆ ಅಲ್ಲಿಂದ ಹೊಸ ರೋಗಾಣು ಬೆಳೆಯಲು ತಡೆಯೇ ಇಲ್ಲ. ಮಾರುವವನು ಟಿಡಿಎಸ್ ಮೀಟರು ಅದ್ದಿ ಅಂಕಿ ತೋರಿಸುತ್ತಾನೆ. ಅದು ಕರಗಿದ ಉಪ್ಪಿನ ಅಂಕಿ. ರೋಗಾಣುವಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಇನ್ನು ಕಾನೂನು. ಮೊಹರು ಮಾಡಿದ ಬಾಟಲಿ ನೀರಿಗೆ ಐಎಸ್ 14543 ಮಾನದಂಡ ಇದೆ, ಆಹಾರ ಸುರಕ್ಷಾ ಪ್ರಾಧಿಕಾರ 2024ರ ಕೊನೆಗೆ ಅದನ್ನು ಹೆಚ್ಚು ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿತು. ನೀವು ಮನೆಯಿಂದ ಒಯ್ದ ಕ್ಯಾನಿಗೆ, ಮೊಹರಿಲ್ಲದ ಥಂಡಾ ಜಾರಿಗೆ ತುಂಬಿಕೊಟ್ಟ ನೀರು ಪ್ಯಾಕ್ ಮಾಡಿದ ನೀರು ಅನ್ನಿಸಿಕೊಳ್ಳುವುದಿಲ್ಲ. ಪಂಚಾಯಿತಿಯ ಪಟ್ಟಿಯಲ್ಲೂ ಇಲ್ಲ, ಆಹಾರ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಅತಿ ಹೆಚ್ಚು ನಂಬಿ ಕುಡಿಯುವ ನೀರೇ ಅತಿ ಕಡಿಮೆ ನೋಡಿದ ನೀರು. ನಾನು ಮಾಲೀಕತ್ವ ಬಿಟ್ಟು ಕುಡಿಯುವವರನ್ನು ಎಣಿಸಿ ಅಂದದ್ದು ಮುಖ್ಯವಾಗಿ ಇದಕ್ಕೇ.

ಪ್ರಶ್ನೆ: ಭಾಷೆಯ ತೊಂದರೆ ನಿಜವಾಗಿಯೂ ಇದೆಯೇ? ಗಡಿಭಾಗದ ನಮ್ಮ ಹುಡುಗರಿಗೆ ಮರಾಠಿ ಚೆನ್ನಾಗಿ ಬರುತ್ತದೆ.

ಉತ್ತರ: ಹುಡುಗರಿಗೆ ಬರುತ್ತದೆ, ಸರಿ. ಕನ್ನಡ ಮಾಧ್ಯಮದಲ್ಲಿ ಕಲಿತವರೂ ಮರಾಠಿ ಓದುತ್ತಾರೆ. ಅದಕ್ಕೇ ನಾನು ಭಾಷೆಯನ್ನೇ ಎಲ್ಲದಕ್ಕೂ ಕಾರಣ ಅಂತ ಹೇಳಲಿಲ್ಲ. ಆದರೆ ನೀರು ತುಂಬುವವರು ಯಾರು, ಕೂಸಿಗೆ ಕುಡಿಸುವವರು ಯಾರು? ಇಂಡಿಯಿಂದಲೋ ಅಫಜಲಪುರದಿಂದಲೋ ಮದುವೆಯಾಗಿ ಬಂದ ಸೊಸೆಗೆ, ಎಪ್ಪತ್ತರ ಅಜ್ಜಿಗೆ ಮರಾಠಿ ಓದಲು ಬರುವುದಿಲ್ಲ. ಕಾರ್ಡಿನ ಬಣ್ಣ ತಿಳಿಯುತ್ತದೆ, ಕೆಳಗೆ ಬರೆದ ಷರಾ ತಿಳಿಯುವುದಿಲ್ಲ, ಮತ್ತು ಏನು ಮಾಡಬೇಕು ಅನ್ನೋದು ಇರುವುದು ಆ ಷರಾದಲ್ಲೇ. ಆನ್‌ಲೈನ್ ಪೋರ್ಟಲಿನ ಪ್ರಯೋಗಾಲಯ ವರದಿಯಂತೂ ಇಂಗ್ಲಿಷಿನಲ್ಲಿ, ಅದನ್ನು ಮರಾಠಿಯವರೂ ಓದಲಾರರು. ಹಾಗಾಗಿ ಇದನ್ನು ಕನ್ನಡ–ಮರಾಠಿ ಜಗಳ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ‘ಈ ಬಾವಿಯ ನೀರು ಕೂಸಿಗೆ ಕೊಡಬೇಡಿ’ ಅನ್ನುವ ಒಂದು ಸಾಲನ್ನು ಬಾವಿಯ ಕಟ್ಟೆಯ ಮೇಲೆ ಎರಡೂ ಭಾಷೆಯಲ್ಲಿ ಬಣ್ಣದಿಂದ ಬರೆಯಲು ಯಾವ ಸರಕಾರಿ ಆದೇಶವೂ ಬೇಡ.

ಪ್ರಶ್ನೆ: ಕಾನೂನು ಬರುವವರೆಗೆ ಒಂದು ಗ್ರಾಮ ಪಂಚಾಯಿತಿ ಏನು ಮಾಡಬಹುದು? ದುಡ್ಡು ಎಲ್ಲಿದೆ?

ಉತ್ತರ: ದುಡ್ಡಿನ ಮಾತು ಮೊದಲು. ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿಗಳ ಅನುದಾನದಲ್ಲಿ 60% ಭಾಗವನ್ನು ಕಟ್ಟು ಹಾಕಿಟ್ಟಿತು, ಅದರಲ್ಲಿ ಅರ್ಧ ಕುಡಿಯುವ ನೀರಿಗೆ. ಅದರಲ್ಲಿ ಓಟಿ ದ್ರಾವಣ, ಪರೀಕ್ಷೆಯ ಬಾಟಲಿ ಕೊಳ್ಳುವುದು ಪೈಪು ಹಾಕುವುದಕ್ಕೆ ಹೋಲಿಸಿದರೆ ಚಿಲ್ಲರೆ ಖರ್ಚು. ರೋಗಾಣು ಪತ್ತೆಗೆ ಎಚ್‌ಟುಎಸ್ ಬಾಟಲಿ ಅಂತ ಇದೆ. 1982ರಲ್ಲಿ ಮಾಂಜಾ ಮತ್ತು ಅವರ ಸಹೋದ್ಯೋಗಿಗಳು, ನಮ್ಮ ದೇಶದ ವಿಜ್ಞಾನಿಗಳೇ, ಪ್ರಕಟಿಸಿದ ವಿಧಾನ. ನೀರು ತುಂಬಿ ಬೆಚ್ಚಗೆ ಇಟ್ಟರೆ, ಹೊಲಸು ಸೇರಿದ ನೀರಾದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಪ್ರಯೋಗಾಲಯಕ್ಕೆ ಅದು ಪರ್ಯಾಯ ಅಲ್ಲ, ಆದರೆ ಕಪ್ಪಾದ ಬಾಟಲಿಯನ್ನು ಗ್ರಾಮಸಭೆಯ ಮೇಜಿನ ಮೇಲೆ ಇಟ್ಟರೆ ಭಾಷಣ ಬೇಕಾಗುವುದಿಲ್ಲ.

ಮಾಡಬಹುದಾದ ಕೆಲಸ ಅಂದರೆ ಊರಿನ ಪಟ್ಟಿಯನ್ನು ಮತ್ತೆ ಬರೆಯುವುದು. ಒಂದು ದಿನ, ತರಬೇತಿ ಪಡೆದ ಆ ಐದು ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆ, ಶಾಲೆಯ ಮೇಲಿನ ತರಗತಿಯ ಮಕ್ಕಳು ಸೇರಿ ಮನೆಮನೆಗೆ ಒಂದೇ ಪ್ರಶ್ನೆ ಕೇಳಬೇಕು: ಇವತ್ತು ಬೆಳಿಗ್ಗೆ ಕುಡಿದ ನೀರು ಎಲ್ಲಿಯದು? 25 ಜನರಿಗಿಂತ ಹೆಚ್ಚು ಹೆಸರು ಬಂದ ಪ್ರತಿ ಮೂಲವನ್ನೂ, ಅದು ಯಾರದೇ ಆಗಲಿ, ಬರೆದುಕೊಳ್ಳಬೇಕು. ಖಾಸಗಿ ಬೋರಿನ ಮಾಲೀಕ ಒಪ್ಪದಿದ್ದರೆ ಜಗಳ ಮಾಡಬೇಕಿಲ್ಲ, ಅದರ ನೀರು ಕುಡಿಯುವವರ ಕೊಡದಿಂದ ಮಾದರಿ ತೆಗೆದರೂ ಆಯಿತು. ಫಲಿತಾಂಶ ಗ್ರಾಮಸೇವಕರ ಕಡತಕ್ಕೆ ಒಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು, ಶಾಲೆಯ ಗೋಡೆಗೆ ಒಂದು.

ಮತ್ತೆ ಒಂದು ವಿಷಯ, ಕಾರ್ಖಾನೆ ಇರುವ ಊರುಗಳಿಗೆ. ಅಕ್ಟೋಬರ್ ಸಮೀಕ್ಷೆ ಮುಗಿಯುವ ಹೊತ್ತಿಗೆ ಕಬ್ಬು ಕಡಿಯುವ ಟೋಳಿಗಳು ಬೀಡ ಕಡೆಯಿಂದ ಇನ್ನೂ ಬಂದು ನೆಲೆಸಿರುವುದಿಲ್ಲ. ಮುಂದಿನ ಸಮೀಕ್ಷೆ ಏಪ್ರಿಲ್‌ನಲ್ಲಿ, ಅಷ್ಟರಲ್ಲಿ ಅವರು ವಾಪಸ್ ಹೋಗಿರುತ್ತಾರೆ. ಎರಡು ಸಮೀಕ್ಷೆಯ ನಡುವೆ ಬಂದು ಹೋಗುವ ಆ ಜನ, ಅವರ ಕೂಸುಗಳು, ಯಾವ ಕಾರ್ಡಿನ ಬಣ್ಣದಲ್ಲೂ ಇಲ್ಲ. ಅವರಿಗಾಗಿ ಡಿಸೆಂಬರ್‌ನಲ್ಲಿ ಒಂದು ಸಲ ಬೇರೆಯಾಗಿ ಹೋಗಿ ಬರಬೇಕು. ಮುಕಾದಮನನ್ನು ಕೇಳಿದರೆ ಎಷ್ಟು ಕೊಪ್ಪಿ, ಯಾವ ಬಾವಿ ಅಂತ ಅವನಿಗೆ ಗೊತ್ತಿರುತ್ತದೆ. ಹೋಗುವಾಗ ಓಟಿ ಬಾಟಲಿಯ ಜೊತೆ ಒಂದು ಡಬ್ಬಿ ಟಿಸಿಎಲ್ಲೂ ಒಯ್ಯಿರಿ, ಹೊಸ ಚೀಲದ್ದು.